ಕೇಳದೆ ಕಾಮೆಂಟು ಓದಿ ಸಂಶೋಧನೆ ಮಾಡಬಹುದೇ?

ಪರ: ಬರೆದವರೇ ಊರಿಗೆಲ್ಲ ತೋರಿಸಿದ್ದಾರೆ

ನಾನು ಹೇಳುತ್ತಿರುವುದು ಎಲ್ಲರಿಗೂ ಕಾಣುವ ಕಾಮೆಂಟುಗಳ ಬಗ್ಗೆ. ಲಾಕ್ ಮಾಡಿದ ಪ್ರೊಫೈಲ್, ಮನೆಯವರ ವಾಟ್ಸ್‌ಆ್ಯಪ್ ಗ್ರೂಪ್ ಇವೆಲ್ಲ ಬೇಡ. ಯೂಟ್ಯೂಬ್ ವಿಡಿಯೊ ಕೆಳಗೆ ಬರೆದದ್ದನ್ನು ಅಧ್ಯಯನ ಮಾಡಲೂ ಒಬ್ಬೊಬ್ಬರ ಒಪ್ಪಿಗೆ ಬೇಕು ಅಂದರೆ ಸಂಶೋಧನೆಗೆ ಬೀಗ ಹಾಕಿದ ಹಾಗೆಯೇ.

ಯಾಕೆಂದರೆ ಕೇಳಿದರೆ ಜನ ಬದಲಾಗುತ್ತಾರೆ. ಜಾಲತಾಣದಲ್ಲಿ ಜನ ಹೇಗೆ ಜಗಳ ಆಡುತ್ತಾರೆ ಅಂತ ತಿಳಿಯಲು ಒಮ್ಮೆ ಸರ್ವೆ ಫಾರಂ ಹಿಡಿದು ಮನೆ ಮನೆ ಸುತ್ತಿದ್ದೆ. ನಿವೃತ್ತರಾದ ಹಿರಿಯರೊಬ್ಬರು ಕಾಫಿ ಕೊಟ್ಟು ಕೂರಿಸಿಕೊಂಡರು. 'ನಾನು ಯಾರಿಗೂ ಒಂದು ಒರಟು ಮಾತು ಬರೆದವನಲ್ಲ, ಬರೀ ಶುಭೋದಯ ಹಾಕ್ತೀನಿ' ಅಂದರು. ಒಳಗಿನಿಂದ ಮೊಮ್ಮಗಳು, 'ತಾತಾ, ನಿನ್ನೆ ಕಾವೇರಿ ವಿಡಿಯೊ ಕೆಳಗೆ ಬರೆದದ್ದು?' ಅಂತ ಕೂಗಿದಳು. ತಾತ ಅವಳನ್ನು ತಕ್ಷಣ ಅಂಗಡಿಗೆ ಕಳಿಸಿದರು. ಏನು ತರಬೇಕು ಅಂತ ಮಾತ್ರ ಹೇಳಲಿಲ್ಲ! ನನ್ನ ಫಾರಂನಲ್ಲಿ ಅವರ ಉತ್ತರ 'ಎಂದೂ ಇಲ್ಲ' ಅಂತಲೇ ದಾಖಲಾಯಿತು. ಇಂಥ ಫಾರಂ ಎಷ್ಟು ತುಂಬಿಸಿದರೂ, ಜನ ತಮ್ಮ ಬಗ್ಗೆ ಏನಂದುಕೊಂಡಿದ್ದಾರೆ ಅನ್ನುವುದಷ್ಟೇ ಸಿಗುತ್ತದೆ.

2020ರಲ್ಲಿ ಸಂಶೋಧಕರು ಯೂಟ್ಯೂಬಿನಿಂದ ಕನ್ನಡ-ಇಂಗ್ಲಿಷ್ ಬೆರೆತ 7,671 ಕಾಮೆಂಟು ಆರಿಸಿ, ಹೊಗಳಿಕೆ ಯಾವುದು, ಬೈಗುಳ ಯಾವುದು ಅಂತ ಗುರುತು ಹಾಕಿದರು. ಕನ್ನಡದ ಬೈಗುಳವನ್ನು ಕಂಪ್ಯೂಟರ್ ಹಿಡಿಯಬೇಕಾದರೆ ಈ ಕೆಲಸ ಬೇಕೇ ಬೇಕು. 'ಸ್ವಾಮಿ, ತಮ್ಮ ಬೈಗುಳ ಬಳಸಿಕೊಳ್ಳಲೇ?' ಅಂತ ಕೇಳುತ್ತಾ ಕೂತಿದ್ದರೆ? ಬೈದವರು ಅಳಿಸಿ ಮಾಯವಾಗುತ್ತಿದ್ದರು, ಹೊಗಳಿದವರು ಮಾತ್ರ ಉಳಿಯುತ್ತಿದ್ದರು. ಮತ್ತೆ ಅದೇ ಮಾತು, ಕೇಳಿದರೆ ಜನ ಬದಲಾಗುತ್ತಾರೆ.

ಕಾನೂನೂ ಅಡ್ಡ ಬರುವುದಿಲ್ಲ. ಜನ ತಾವಾಗಿಯೇ ಬಹಿರಂಗ ಮಾಡಿದ ಮಾಹಿತಿಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೊರಗಿಟ್ಟಿದೆ. ಗುರುತು ಬಯಲಾಗುತ್ತದೆ ಅನ್ನುವವರಿದ್ದಾರೆ. ಅಷ್ಟು ಚಿಂತೆ ಇದ್ದವರು ಫೋಟೊ ಸಮೇತ ಯಾಕೆ ಬರೆಯಬೇಕಿತ್ತು? ಕಂಪನಿಗಳು ನಾವು ಬರೆದದ್ದು, ನೋಡಿದ್ದು ಎಲ್ಲ ಲೆಕ್ಕ ಇಟ್ಟು ಜಾಹೀರಾತು ಮಾರುತ್ತವೆ. ಪಿಎಚ್‌ಡಿ ಮಾಡುವ ಬಡಪಾಯಿ ಮಾತ್ರ ಕೈಮುಗಿದು ಅನುಮತಿ ಕೇಳಬೇಕು, ಅಲ್ವಾ?

ವಿರೋಧ: ಹೆಸರು ಅಳಿಸಿದರೆ ಸಾಲದು

ಈ ಕಡೆಗೆ ಬರೆಯಲು ಯಾರೂ ಸಿಗಲಿಲ್ಲ, ನೀವೇ ಬರೆಯಿರಿ ಅಂತ ಚರ್ಚೆ ಏರ್ಪಡಿಸಿದವರು ನನಗೇ ಹೇಳಿದರು. ಬಹಿರಂಗ ಕಾಮೆಂಟು ಓದಲೇಬಾರದು ಅಂತ ನಾನೂ ಹೇಳಲಾರೆ. ಆದರೂ ಒಪ್ಪಿಗೆಯ ಪರವಾಗಿ ಹೇಳುವುದು ಸ್ವಲ್ಪ ಇದೆ.

2008ರಲ್ಲಿ ಅಮೆರಿಕದ ಸಂಶೋಧಕರು ಒಂದು ಕಾಲೇಜಿನ ವಿದ್ಯಾರ್ಥಿಗಳ ಫೇಸ್‌ಬುಕ್ ಮಾಹಿತಿ ಬಿಡುಗಡೆ ಮಾಡಿದರು. ವಿದ್ಯಾರ್ಥಿಗಳ ಹೆಸರು ತೆಗೆದಿದ್ದರು, ಕಾಲೇಜಿನ ಹೆಸರೂ ಹೇಳಿರಲಿಲ್ಲ. ಆದರೆ ಜೊತೆಗೆ ಕೊಟ್ಟ ವಿವರಣೆ ಓದಿಯೇ ಅದು ಹಾರ್ವರ್ಡ್ ಅಂತ ಮೈಕಲ್ ಜಿಮ್ಮರ್ ಎಂಬ ವಿದ್ವಾಂಸರು ಪತ್ತೆ ಹಚ್ಚಿದರು. ಒಳಗಿನ ಮಾಹಿತಿಯನ್ನು ತೆರೆದು ನೋಡುವ ಅಗತ್ಯವೂ ಬೀಳಲಿಲ್ಲ.

ಇನ್ನು 2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ 6,89,003 ಜನರ ನ್ಯೂಸ್‌ಫೀಡ್ ತಿದ್ದಿತು. ಖುಷಿಯ ಪೋಸ್ಟ್ ಕಡಿಮೆ ತೋರಿಸಿದರೆ ಜನ ಬೇಸರದ ಮಾತು ಜಾಸ್ತಿ ಬರೆಯುತ್ತಾರಾ ಅಂತ ನೋಡಲು! 2014ರಲ್ಲಿ ಸುದ್ದಿ ಹೊರಬಿದ್ದು ದೊಡ್ಡ ಗಲಾಟೆಯಾಯಿತು. ಇದು ಬರೀ ಓದಿದ್ದಲ್ಲ, ಪ್ರಯೋಗ ಅನ್ನಬಹುದು. ಇರಲಿ, ಕೇಳದೆ ಓದುವ ಅಭ್ಯಾಸ ಎಲ್ಲಿಗೆ ಹೋಗುತ್ತದೆ ಅಂತ ಹೇಳಿದೆ, ಅಷ್ಟೆ.

ಕಾಮೆಂಟಿನ ಒಂದು ಸಾಲನ್ನು ಹಾಗೇ ಪ್ರಬಂಧದಲ್ಲಿ ಹಾಕಿದರೆ, ಅದನ್ನೇ ಸರ್ಚ್ ಮಾಡಿ ಬರೆದವರ ಹತ್ತಿರ ಹೋಗಬಹುದು. ಸಿನಿಮಾ ಟ್ರೇಲರ್ ಕೆಳಗೆ ಬೈದವರ ಕತೆ ಬಿಡಿ. ಸ್ತನ ಕ್ಯಾನ್ಸರ್ ವಿಡಿಯೊ ಕೆಳಗೆ ಕಷ್ಟ ಹೇಳಿಕೊಂಡ ಹೆಣ್ಣುಮಗಳು ತನ್ನಂಥ ಇನ್ನೊಬ್ಬಳು ಓದಲಿ ಅಂತ ಬರೆದಿರುತ್ತಾಳೆ. ಸೆಮಿನಾರ್ ಹಾಲಿನ ಪರದೆ ಅವಳ ಮನಸ್ಸಿನಲ್ಲೇ ಇರುವುದಿಲ್ಲ. ಕಾಯ್ದೆ ಇಬ್ಬರಿಗೂ ಒಂದೇ, ನಿಜ.

ಸಾಲನ್ನು ಬೇರೆ ಮಾತಿನಲ್ಲಿ ಬರೆದರಾಯಿತು ಅನ್ನುತ್ತಾರೆ. ಕಲಬುರಗಿಯವರ ಸಿಟ್ಟನ್ನು ಪುಸ್ತಕದ ಕನ್ನಡಕ್ಕೆ ತಂದರೆ ಅಧ್ಯಯನ ಮಾಡಲು ಉಳಿಯುವುದೇನು? ಅದಕ್ಕೇ ಕಾಯಿಲೆ, ಜಾತಿ, ಗಂಡ-ಹೆಂಡತಿ ಜಗಳದ ವಿಷಯಕ್ಕಾದರೂ ಬರೆದವರನ್ನು ಕೇಳಿಯೇ ಉಲ್ಲೇಖಿಸಬೇಕು. ಟ್ರೇಲರ್ ಕಾಮೆಂಟಿಗೂ ಕೇಳಿ ಅಂತ ನಾನು ಹಟ ಹಿಡಿಯುವುದಿಲ್ಲ.