ಲೆಕ್ಕಕ್ಕುಂಟು, ಆಟಕ್ಕಿಲ್ಲ

ಅಂತೂ ಜೊನಾಥನ್ ಕುಮಿಂಗಾನಿಗೆ ಬಿಡುಗಡೆಯಾಯಿತು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದವರು, ಆಡಿಸದೆ ಬೆಂಚಿನ ಮೇಲೆ ಕೂರಿಸಿದ್ದ ಈ ಆಟಗಾರನನ್ನು 2026ರ ಫೆಬ್ರುವರಿಯಲ್ಲಿ ಅಟ್ಲಾಂಟಾ ಹಾಕ್ಸ್ ತಂಡಕ್ಕೆ ಸಾಗಹಾಕಿದ ಸುದ್ದಿಯನ್ನು ಓದಿದವರು ಕಥೆಯನ್ನು ಮೊದಲಿನಿಂದ ಬಲ್ಲವರೇ ಆಗಿರುತ್ತಾರಾದ್ದರಿಂದ ಅದನ್ನು ಮತ್ತೆ ಒಪ್ಪಿಸುವ ಅಗತ್ಯ ನನಗಿಲ್ಲ. ನಾನು ಮೆಚ್ಚಿ ಬರೆಯಹೊರಟಿರುವುದು ನಮ್ಮ ಓಣಿಯ ಒಂದು ಹಳೆಯ ನ್ಯಾಯವನ್ನು ಆ ತಂಡದವರು ತಲೆಕೆಳಗು ಮಾಡಿದ ಜಾಣತನದ ಬಗ್ಗೆ. ನಾವು ಚಿಕ್ಕವರಿದ್ದಾಗ, ಅಣ್ಣನ ಬೆನ್ನು ಹತ್ತಿ ಅಳುತ್ತ ಬಂದ ಪುಟ್ಟ ತಮ್ಮನನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿದ್ದೆವು. ಅವನು ಮನಸ್ಸಿಗೆ ಬಂದಷ್ಟು ಓಡಬಹುದಿತ್ತು, ಔಟಾದರೂ ಔಟಾಗುತ್ತಿರಲಿಲ್ಲ, ಸಂಜೆ ಮನೆಗೆ ಹೋಗುವಾಗ ಅವನ ಮುಖದಲ್ಲಿ ಗೆದ್ದ ಕಳೆಯಿರುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಜಾಣರು ಕುಮಿಂಗಾನನ್ನು ಇಟ್ಟುಕೊಂಡದ್ದು ಲೆಕ್ಕಕ್ಕುಂಟು, ಆಟಕ್ಕಿಲ್ಲ ಎಂಬ ಹೊಸ ನ್ಯಾಯದ ಮೇಲೆ. ಸಂಬಳದ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 2025-26ರ ಋತುವಿಗೆ ಸುಮಾರು 2 ಕೋಟಿ 25 ಲಕ್ಷ ಡಾಲರ್ ಇತ್ತು. ಅಂಗಳದಲ್ಲಿ ಮಾತ್ರ ಡಿಸೆಂಬರಿನ ಮೂರನೆಯ ವಾರದಿಂದ ಒಂದು ತಿಂಗಳ ಕಾಲ ಒಂದು ನಿಮಿಷವೂ ಇರಲಿಲ್ಲ.

ಅಲ್ಲಿಯ ರಾತ್ರಿಯ ಪಂದ್ಯ ನಮಗೆ ಬೆಳಗಿನ ಎಂಟೂವರೆಗೆ ಶುರುವಾಗುತ್ತದೆ. ಉಪ್ಪಿಟ್ಟಿನ ತಟ್ಟೆಯನ್ನು ಒಂದು ಕೈಯಲ್ಲಿಯೂ ಮೊಬೈಲನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ಅಂಕಪಟ್ಟಿಯನ್ನು ನೋಡುವುದು ನನ್ನ ದುರಭ್ಯಾಸ. ಆ ಪಟ್ಟಿಯಲ್ಲಿ ಉಳಿದವರ ಹೆಸರಿನ ಮುಂದೆ ನಿಮಿಷ, ಅಂಕ, ರೀಬೌಂಡ್, ಅಸಿಸ್ಟ್ ಎಂದು ಅಂಕಿಗಳು ಸಾಲುಗಟ್ಟಿ ನಿಂತಿರುತ್ತವೆ. ಕುಮಿಂಗಾನ ಸಾಲಿನಲ್ಲಿ ಅಂಕಿಗಳೇ ಇಲ್ಲದೆ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಒಂದು ವಾಕ್ಯ ಮೈಚೆಲ್ಲಿ ಮಲಗಿರುತ್ತಿತ್ತು: ‘ಆಡಲಿಲ್ಲ, ತರಬೇತುದಾರರ ನಿರ್ಧಾರ.’ ಸೊನ್ನೆ ಹೊಡೆದವನಿಗೆ ಸೊನ್ನೆಯಾದರೂ ಸಿಗುತ್ತದೆ. ಇವನಿಗೆ ಸಿಕ್ಕಿದ್ದು ಸರಕಾರಿ ಆದೇಶದ ಭಾಷೆಯಲ್ಲಿರುವ ಒಂದು ಷರಾ.

ಆದರೂ ವಾರಿಯರ್ಸ್ ತಂಡದವರಿಗೆ ಅವನ ಮೇಲೆ ಪ್ರೀತಿಯಿರಲಿಲ್ಲವೆಂದು ಹೇಳಿದರೆ ಪಾಪ ತಟ್ಟೀತು. ಕಾಂಗೋದ ಗೋಮಾದಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಅಮೆರಿಕಕ್ಕೆ ಬಂದು ಶಾಲೆಗಳಲ್ಲಿ ಆಡಿ ಬೆಳೆದ ಹುಡುಗನನ್ನು 2021ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಹಂಚಿಕೆಯಲ್ಲಿ, ಏಳನೆಯವನಾಗಿ ಆರಿಸಿಕೊಂಡವರು ಅವರೇ. ಆಗ ಅವರ ಬಳಿ ಒಂದು ಘನವಾದ ಯೋಜನೆಯಿತ್ತು. ಸ್ಟೀಫನ್ ಕರಿ, ಕ್ಲೇ ಥಾಂಪ್ಸನ್, ಡ್ರೇಮಂಡ್ ಗ್ರೀನ್ ಎಂಬ ಹಿರಿಯರು ಕಪ್ ಗೆಲ್ಲುತ್ತಲೇ ಇರಬೇಕು, ಅದೇ ಚಪ್ಪರದ ನೆರಳಿನಲ್ಲಿ ಕುಮಿಂಗಾ, ಮೋಸಸ್ ಮೂಡಿ, ಜೇಮ್ಸ್ ವೈಸ್‌ಮನ್ ಎಂಬ ಕಿರಿಯರು ಬೆಳೆಯುತ್ತಲೂ ಇರಬೇಕು. ಅವಿಭಕ್ತ ಕುಟುಂಬವನ್ನು ಕಂಡವರಿಗೆ ಈ ಯೋಜನೆಯ ಗತಿಯನ್ನು ವಿವರಿಸಬೇಕಾಗಿಲ್ಲ. ಸೊಸೆಯ ಕೈಗುಣವನ್ನು ಊರೆಲ್ಲ ಹೊಗಳುವ ಅತ್ತೆ ಉಗ್ರಾಣದ ಬೀಗದ ಕೈಯನ್ನು ಮಾತ್ರ ಸೊಂಟದಿಂದ ತೆಗೆಯುವುದಿಲ್ಲ. 2022ರಲ್ಲಿ ಹಿರಿಯರು ಕಪ್ ಗೆದ್ದರು, ಹತ್ತೊಂಬತ್ತರ ಕುಮಿಂಗಾನ ಬೆರಳಿಗೂ ಗೆದ್ದ ತಂಡದವರಿಗೆ ಕೊಡುವ ಉಂಗುರವೊಂದು ಬಂತು. 2020ರ ಡ್ರಾಫ್ಟಿನಲ್ಲಿ ಎರಡನೆಯವನಾಗಿ ಆಯ್ಕೆಯಾಗಿದ್ದ ವೈಸ್‌ಮನ್‌ನನ್ನು 2023ರಲ್ಲಿ ಹೊರಗೆ ಕಳಿಸಿದರು. ಪಂದ್ಯಕ್ಕೆ 48 ನಿಮಿಷ, ಅಂಗಳದಲ್ಲಿ ಐವರು. ಎಷ್ಟು ಗುಣಿಸಿದರೂ ತಂಡದೊಳಗೆ ಹಂಚಲು 240 ನಿಮಿಷಗಳೇ ಇರುವುದೆಂಬ ಮೂರನೆಯ ತರಗತಿಯ ಮಗ್ಗಿ ಯೋಜನೆ ಹಾಕಿದವರಿಗೆ ಆಮೇಲೆ ಹೊಳೆದಿರಬೇಕು.

ತರಬೇತುದಾರರಾದ ಸ್ಟೀವ್ ಕೆರ್ ಅವರನ್ನು ಬೆಂಚಿನ ಕಷ್ಟ ಅರಿಯದವರೆಂದು ದೂರುವಂತೆಯೂ ಇಲ್ಲ. ತಾವು ಆಡಿದ 910 ಪಂದ್ಯಗಳಲ್ಲಿ ಅವರು ಆರಂಭದ ಐವರಲ್ಲಿ ಇದ್ದದ್ದು ಮೂವತ್ತರಲ್ಲಿ ಮಾತ್ರ. ಬೆಂಚಿನಿಂದ ಎದ್ದು ಬಂದೇ ಐದು ಚಾಂಪಿಯನ್ ಉಂಗುರ ಸಂಪಾದಿಸಿದವರು, 1997ರ ಫೈನಲ್ಸಿನ ಆರನೆಯ ಪಂದ್ಯದಲ್ಲಿ ಮೈಕೆಲ್ ಜೋರ್ಡಾನ್ ಕೊಟ್ಟ ಚೆಂಡನ್ನು ಬುಟ್ಟಿಗೆ ಹಾಕಿ ಶಿಕಾಗೋಗೆ ಕಪ್ ತಂದವರು. ಬೆಂಚು ತನಗೆ ಒಳ್ಳೆಯದನ್ನೇ ಮಾಡಿತು, ಇನ್ನೊಬ್ಬನಿಗೆ ಯಾಕೆ ಕೆಟ್ಟದ್ದು ಮಾಡೀತು ಎಂದು ಅವರು ಭಾವಿಸಿದ್ದರೆ ಅದರಲ್ಲಿ ತರ್ಕವಿದೆ. ಆಗಷ್ಟೇ ಬಾಸ್ಟನ್‌ಗೆ ಕಪ್ ಗೆದ್ದುಕೊಟ್ಟು ಬಂದಿದ್ದ ಜೇಸನ್ ಟೇಟಮ್‌ನನ್ನೇ, ಅಮೆರಿಕ ತಂಡದ ತರಬೇತುದಾರರಾಗಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸರ್ಬಿಯಾ ವಿರುದ್ಧದ ಎರಡು ಪಂದ್ಯಗಳಲ್ಲಿ ಒಂದು ನಿಮಿಷವೂ ಆಡಿಸದೆ ಕೂರಿಸಿದ ಸಮದರ್ಶಿ ಅವರು. ನ್ಯಾಯವಾಗಿ ಹೇಳಬೇಕೆಂದರೆ ಅವರ ಕಡೆಗೂ ಕಾರಣವಿತ್ತು. ತಂಡದ ಇನ್ನೊಬ್ಬ ಹಿರಿಯರಾದ ಜಿಮ್ಮಿ ಬಟ್ಲರ್, ಗ್ರೀನ್ ಇಬ್ಬರೂ ದೂರದ ಗುರಿಗೆ ಹೆಸರಾದವರಲ್ಲ, ದೂರದಿಂದ ಹಾಕುವ ಕುಮಿಂಗಾನ ಮೂರು ಅಂಕದ ಎಸೆತವೂ ಭರವಸೆಯದಲ್ಲ. ಮೂವರನ್ನೂ ಒಟ್ಟಿಗೆ ಇಳಿಸಿದರೆ ಎದುರಾಳಿಗಳೆಲ್ಲ ಸ್ಟೀಫನ್ ಕರಿಯ ಸುತ್ತ ಕೋಟೆ ಕಟ್ಟುತ್ತಾರೆ.

ಆದರೆ ಕಾರಣವಿದ್ದರೆ ಕಳಿಸಿಕೊಡಬೇಕಿತ್ತಲ್ಲ. ಇಲ್ಲಿಯೇ ಈ ಲೀಗಿನ ಕಾನೂನು ಪಂಡಿತರ ಪ್ರತಿಭೆಗೆ ನಾನು ತಲೆಬಾಗುವುದು. 2025ರ ಬೇಸಿಗೆಯಲ್ಲಿ ನಾಲ್ಕು ವರ್ಷದ ಮೊದಲ ಒಪ್ಪಂದ ಮುಗಿದಾಗ ಕುಮಿಂಗಾ ‘ನಿರ್ಬಂಧಿತ ಸ್ವತಂತ್ರ ಆಟಗಾರ’ನಾದ. ಈ ಪದವನ್ನು ಇನ್ನೊಮ್ಮೆ ನಿಧಾನವಾಗಿ ಓದಿಕೊಳ್ಳಿ. ಬಿಸಿಯಾದ ಐಸ್‌ಕ್ರೀಮ್, ನಿರ್ಜಲ ಕೆರೆ ಎಂಬ ಜಾತಿಗೆ ಸೇರಿದ ಪದವಿದು. ಅವನು ಯಾವ ತಂಡದೊಡನೆ ಬೇಕಾದರೂ ಮಾತಾಡಬಹುದು, ಬೆಲೆ ಕುದುರಿಸಬಹುದು, ಸಹಿಯನ್ನೂ ಹಾಕಬಹುದು. ಒಂದೆರಡು ದಿನದೊಳಗೆ ಹಳೆಯ ತಂಡ ಅದೇ ಬೆಲೆಗೆ ತನಗೇ ಬೇಕೆಂದರೆ ಮಾತ್ರ ತೆಪ್ಪಗೆ ಅಲ್ಲಿಗೇ ಹೋಗಬೇಕು. ಹೆಣ್ಣು ನೋಡಲು ಬಂದವರಿಗೆ ಕೇಸರಿಬಾತು ಕೊಟ್ಟು, ಜಾತಕ ಕೂಡಿಸಿ, ಹೂ ಮುಡಿಸಿದ ಮೇಲೆ, ‘ಸೋದರಮಾವನ ಹಕ್ಕು ಒಂದಿದೆ ಸ್ವಾಮಿ, ನಾಳೆ ಸಂಜೆಯೊಳಗೆ ಅವನು ಬೇಕೆಂದರೆ ಅವನಿಗೇ ಕೊಡುತ್ತೇವೆ’ ಎಂದರೆ ಯಾರು ತಾನೇ ಆ ಮನೆಯ ಮೆಟ್ಟಿಲು ಹತ್ತಿಯಾರು? ಯಾರೂ ಹತ್ತಲಿಲ್ಲ. ಅದೇ ಬೇಸಿಗೆಯಲ್ಲಿ ಅವನ ಜೊತೆಯ ಡ್ರಾಫ್ಟಿನ ಜಾಶ್ ಗಿಡ್ಡಿ, ಕ್ಯಾಮ್ ಥಾಮಸ್, ಕ್ವೆಂಟಿನ್ ಗ್ರೈಮ್ಸ್ ಕೂಡ ಇದೇ ಸೋದರಮಾವಂದಿರ ಜಗಲಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದರು. ಥಾಮಸ್, ಗ್ರೈಮ್ಸ್ ಇಬ್ಬರೂ ಬೇಸತ್ತು ಹಳೆಯ ತಂಡ ತನ್ನ ಹಕ್ಕು ಉಳಿಸಿಕೊಳ್ಳಲು ಕೊಡಲೇಬೇಕಾದ ಒಂದು ವರ್ಷದ ಪ್ರಸ್ತಾವಕ್ಕೆ ಒಪ್ಪಿಕೊಂಡರು. ಕುಮಿಂಗಾ ಸೆಪ್ಟೆಂಬರಿನ ಕೊನೆಯವರೆಗೆ ಹಟ ಹಿಡಿದು, ಎರಡು ವರ್ಷಕ್ಕೆ ಸುಮಾರು 4.7 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದ. ಅದರಲ್ಲಿ ಎರಡನೆಯ ವರ್ಷ ಬೇಕೋ ಬೇಡವೋ ಎಂಬುದು ತಂಡದ ಇಷ್ಟ. ನಿಯಮದ ಪ್ರಕಾರ ಜನವರಿ 15ರವರೆಗೆ ಅವನನ್ನು ಬೇರೆ ತಂಡಕ್ಕೆ ಕೊಡುವಂತಿರಲಿಲ್ಲ. ಆ ದಿನ ಬೆಳಗಾಗುತ್ತಲೇ ಅವನು ತನ್ನನ್ನು ಕಳಿಸಿಕೊಡಿ ಎಂದು ಕೇಳಿದನೆಂದು ಸುದ್ದಿಯಾಯಿತು. ಹಾಸ್ಟೆಲ್ಲಿನ ಹುಡುಗರು ದಸರಾ ರಜೆಗೆ ದಿನ ಎಣಿಸಿದಂತೆ ಎಣಿಸಿರಬೇಕು.

ಅವನಿಗೆ ಅವಕಾಶ ಸಿಕ್ಕಿದ ಸಂದರ್ಭಗಳನ್ನು ಜೋಡಿಸಿ ನೋಡಿದರೆ ನಮ್ಮ ಕಚೇರಿಗಳ ಅನುಕಂಪದ ನೌಕರಿ ನೆನಪಾಗುತ್ತದೆ. ಅಲ್ಲಿ ಮನೆಯ ಯಜಮಾನ ಬಿದ್ದರೆ ಮಾತ್ರ ಮಗನಿಗೆ ಕೆಲಸ. 2025ರ ಏಪ್ರಿಲಿನಲ್ಲಿ ಲೀಗ್ ಹಂತದ ಕೊನೆಯ ಪಂದ್ಯ, ಮೆಂಫಿಸ್ ವಿರುದ್ಧದ ಅರ್ಹತಾ ಪಂದ್ಯ, ಹ್ಯೂಸ್ಟನ್ ವಿರುದ್ಧದ ಮೊದಲ ಪ್ಲೇ-ಆಫ್ ಪಂದ್ಯ, ಈ ಮೂರರಲ್ಲಿಯೂ ಅವನಿಗೆ ಒಂದು ನಿಮಿಷ ಸಿಗಲಿಲ್ಲ. ಎರಡನೆಯ ಪಂದ್ಯದಲ್ಲಿ ಬಟ್ಲರ್ ಬಿದ್ದು ಪೆಟ್ಟು ಮಾಡಿಕೊಂಡರು, ಕುಮಿಂಗಾನಿಗೆ ಕರೆ ಬಂತು. ಮಿನೆಸೋಟಾ ವಿರುದ್ಧ ಸ್ಟೀಫನ್ ಕರಿಯ ತೊಡೆಯ ಸ್ನಾಯು ಸೆಳೆದಾಗ ಮತ್ತೆ ಕರೆ ಬಂತು, ಹುಡುಗ ಒಂದು ಪಂದ್ಯದಲ್ಲಿ 30 ಅಂಕ ಹೊಡೆದ, ಕೊನೆಯ ನಾಲ್ಕು ಪಂದ್ಯಗಳಲ್ಲಿ ಸರಾಸರಿ 24 ದಾಟಿಸಿದ. 2026ರ ಜನವರಿಯಲ್ಲಿ ಬಟ್ಲರ್ ಅವರ ಮೊಣಕಾಲಿನ ಅಸ್ಥಿರಜ್ಜು ಹರಿದ ಮರುದಿನವೇ ಒಂದು ತಿಂಗಳ ಧೂಳು ಕೊಡವಿ ಅವನನ್ನು ಎಬ್ಬಿಸಿದರು. ಹಿರಿಯರು ಆರೋಗ್ಯವಾಗಿರಲಿ ಎಂದು ಹಾರೈಸಬೇಕೋ ಬೇಡವೋ ಎಂದು ತಿಳಿಯದ ಸ್ಥಿತಿಗೆ ಒಬ್ಬ ಹುಡುಗನನ್ನು ತಂದಿಟ್ಟಿದ್ದರು.

ಇಷ್ಟು ಹೊತ್ತು ನಗುತ್ತ ಬಂದೆ, ಇನ್ನು ಸಾಕು. ಆಡಿಸುವುದಿಲ್ಲ, ಆಡದಿದ್ದರೆ ಅಂಕಿಗಳಿಲ್ಲ, ಅಂಕಿಗಳಿಲ್ಲದಿದ್ದರೆ ಬೆಲೆಯಿಲ್ಲ, ಬೆಲೆ ಬಿದ್ದ ಮೇಲೆ, ನೋಡಿ, ಇವನಿಗೆ ಯಾರೂ ಹೆಚ್ಚು ಕೊಡಲೊಲ್ಲರು, ನಾವೇ ಸರಿಯಾಗಿದ್ದೆವು ಎನ್ನುವುದು. ಅವನ ಬೆನ್ನಿಗೇ ಎಂಟನೆಯವನಾಗಿ ಆರಿಸಲ್ಪಟ್ಟ ಫ್ರಾಂಜ್ ವಾಗ್ನರ್‌ನನ್ನು ಒರ್ಲಾಂಡೋ ತಂಡ ಮೊದಲ ದಿನದಿಂದ ಆಡಿಸಿತು, ತಪ್ಪು ಮಾಡಲು ಬಿಟ್ಟಿತು, 2024ರಲ್ಲಿ ಐದು ವರ್ಷಕ್ಕೆ 22 ಕೋಟಿ 40 ಲಕ್ಷ ಡಾಲರ್ ಕೊಟ್ಟಿತು. ವಾಗ್ನರ್ ಹೆಚ್ಚು ನುರಿತವನೇ ಇರಬಹುದು, ಆದರೆ ನುರಿಯುವುದಕ್ಕೆ ಅಂಗಳ ಬೇಕಲ್ಲವೇ? ಕೋಟಿಗಟ್ಟಲೆ ಎಣಿಸುವವನಿಗೆ ನೀವೇಕೆ ಮರುಗುತ್ತೀರಿ ಎಂದು ಕೇಳುವವರಿಗೆ ನನ್ನ ಬಳಿ ಚಂದದ ಉತ್ತರವಿಲ್ಲ. ಒಬ್ಬ ಆಟಗಾರನ ಕಾಲುಗಳಲ್ಲಿ ಸತ್ವವಿರುವುದು ಹತ್ತು ಹನ್ನೆರಡು ವರ್ಷ. ಅದರಲ್ಲಿ ನಾಲ್ಕೂವರೆಯನ್ನು ಅವನನ್ನು ‘ಸ್ವತ್ತು’ ಎಂದು ಕರೆಯುತ್ತ ಕಪಾಟಿನಲ್ಲಿಟ್ಟರು. ಕ್ರೀಡಾಪುಟಗಳಲ್ಲಿಯೂ ಅದೇ ಪದ, ನಾವು ಓದುವವರೂ ತಲೆಯಾಡಿಸುತ್ತ ಓದಿದೆವು.

ಕುಮಿಂಗಾ ಡ್ರಾಫ್ಟಿಗೆ ಮುಂಚೆ ಆಡಿದ, ಎನ್‌ಬಿಎಯ ಕೆಳಹಂತದ ಲೀಗಾದ ಜಿ ಲೀಗಿನ ಇಗ್ನೈಟ್ ತಂಡದಲ್ಲಿ ಪಂಜಾಬಿನ ಪ್ರಿನ್ಸ್‌ಪಾಲ್ ಸಿಂಗ್ ಎಂಬ ನಮ್ಮ ಹುಡುಗನೂ ಇದ್ದ. ಭಾರತೀಯನೊಬ್ಬ ಆ ಬಾಗಿಲವರೆಗೆ ಹೋದನೆಂದು ಇಲ್ಲಿ ಸಂಭ್ರಮವಾಯಿತು. ಅವನಿಗೆ ಸಿಕ್ಕಿದ್ದು ಬೆರಳೆಣಿಕೆಯ ನಿಮಿಷಗಳು. ಅದಕ್ಕೂ ಮುಂಚೆ, 2015ರಲ್ಲಿ, ಏಳಡಿಗೂ ಮೀರಿದ ಸತ್ನಾಮ್ ಸಿಂಗ್ 52ನೆಯವನಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದಾಗ ನಾವು ಇನ್ನೂ ಜೋರಾಗಿ ಕುಣಿದಿದ್ದೆವು. ಅವನು ಎನ್‌ಬಿಎಯ ಒಂದೇ ಒಂದು ಪಂದ್ಯವನ್ನೂ ಆಡದೆ ಕೊನೆಗೆ ಕುಸ್ತಿಯ ಪ್ರದರ್ಶನಗಳಿಗೆ ಹೋದ. ಇವರಿಬ್ಬರ ಹೆಸರಿನ ಮುಂದೆ ‘ಆಡಲಿಲ್ಲ, ತರಬೇತುದಾರರ ನಿರ್ಧಾರ’ ಎಂದು ಬರೆಯಿಸಿಕೊಳ್ಳುವ ಭಾಗ್ಯ ಎನ್‌ಬಿಎಯ ಅಂಕಪಟ್ಟಿಯಲ್ಲಿ ಒಮ್ಮೆಯೂ ಬರಲಿಲ್ಲ. ಕುಣಿದವರು ಆಮೇಲೆ ವಿಚಾರಿಸಲೂ ಇಲ್ಲ.

ಇರಲಿ, ವ್ಯಾಪಾರಕ್ಕೆ ಬರೋಣ. ಕುಮಿಂಗಾನಿಗೆ ಬದಲಾಗಿ ಅಟ್ಲಾಂಟಾದಿಂದ ಬಂದ ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಅವರ ಸಂಬಳ 3 ಕೋಟಿ ಡಾಲರಿಗೂ ಮೇಲೆ. ಸಂಬಳಕ್ಕೆ ಸಂಬಳ ತೂಗಲೇಬೇಕೆಂಬುದು ಲೀಗಿನ ತಕ್ಕಡಿಯ ನಿಯಮವಾದ್ದರಿಂದ ಕುಮಿಂಗಾನೊಬ್ಬನನ್ನು ಇಟ್ಟರೆ ತಟ್ಟೆ ಕೆಳಗಿಳಿಯಲಿಲ್ಲ. ಕೆ.ಆರ್. ಮಾರುಕಟ್ಟೆಯಲ್ಲಿ ಬದನೆಕಾಯಿ ತೂಗುವಾಕೆ ಕೊಸರಿಗೆಂದು ನಾಲ್ಕು ಹಸಿಮೆಣಸಿನಕಾಯಿ ಎಸೆಯುವಂತೆ ಬಡ್ಡಿ ಹೀಲ್ಡ್ ಅವರನ್ನು ಮೇಲೆ ಎಸೆದರು. 2025ರ ಮೇ ತಿಂಗಳಿನಲ್ಲಿ ಹ್ಯೂಸ್ಟನ್ ವಿರುದ್ಧದ ನಿರ್ಣಾಯಕ ಏಳನೆಯ ಪಂದ್ಯದಲ್ಲಿ 33 ಅಂಕ ಹೊಡೆದು ಇದೇ ತಂಡದ ಮಾನ ಕಾಪಾಡಿದ್ದ ಹೀಲ್ಡ್ ಕೊಸರು. ಪೋರ್ಜಿಂಗಿಸ್ ಆ ಹೊತ್ತಿಗೆ ಹಿಮ್ಮಡಿಯ ನೋವಿನಿಂದ ಆಡದೆ ಕೂತಿದ್ದರು. ಹೀಗೆ, ಆಡಿಸದೆ ಕೂರಿಸಿದವನನ್ನು ಕೊಟ್ಟು ಆಡಲಾಗದೆ ಕೂತವರನ್ನು ತಂದ ವ್ಯವಹಾರ ಸುಸೂತ್ರವಾಗಿ ಮುಗಿಯಿತು.

ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಕುಮಿಂಗಾನ ಹೆಸರನ್ನು ಹುಡುಕಿದೆ. ಬಟ್ಲರ್ ಬಿದ್ದ ಮೇಲೆ ಸಿಕ್ಕಿದ ಆ ಅವಕಾಶದಲ್ಲಿಯೇ ಅವನೂ ಮೊಣಕಾಲು ನೋಯಿಸಿಕೊಂಡಿದ್ದ. ಹೊಸ ಊರಿನಲ್ಲಿಯೂ ಅವನು ಅಂಗಳದ ಹೊರಗೇ ಇದ್ದ. ಆದರೆ ಈ ಸಲ ನಿರ್ಧಾರ ತರಬೇತುದಾರರದಾಗಿರಲಿಲ್ಲ, ಮೊಣಕಾಲಿನದಾಗಿತ್ತು.