ಅದೃಶ್ಯನು ಏಟು ಹಾಕಿದರೆ ಮಾಯೆ ಮುರಿಯಬೇಕೇ?

ಪರ

ಮುರಿಯಲೇಬೇಕು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಭಾನುವಾರ ಸೇರುವ ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸಿ, ಪಾತ್ರ ವಹಿಸಿ ಆಡುವ ಕಥೆಯಾಟ) ಕೂಟದಲ್ಲಿ ಈ ಜಗಳ ಎದ್ದಾಗಲೆಲ್ಲ ನಾನು ಲೆಕ್ಕ ಮುಂದಿಡುತ್ತೇನೆ. ಮಂತ್ರದಿಂದ ಅದೃಶ್ಯನಾದವನು ದಾಳಿ ಮಾಡಿದರೆ ಅಥವಾ ಮಂತ್ರ ಹೇಳಿದರೆ ಮಾಯೆ ಮುಗಿಯುತ್ತದೆ ಎಂಬುದು ಆಟದ ನಿಯಮ. ಐದನೇ ಆವೃತ್ತಿಯಲ್ಲಿ ಅದೃಶ್ಯನಾಗಿ ಹೊಡೆಯುವವನು 20 ಮುಖದ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡ ಸಂಖ್ಯೆಯನ್ನು ಇಟ್ಟುಕೊಳ್ಳುತ್ತಾನೆ. ಅವನತ್ತ ಕತ್ತಿ ಬೀಸುವವನಿಗೆ ಎರಡರಲ್ಲಿ ಚಿಕ್ಕದೇ ಗತಿ. ತಾಗಲು ದಾಳದಲ್ಲಿ ಕನಿಷ್ಠ 11 ಬೇಕಿದ್ದರೆ ಅದೃಶ್ಯನಿಗೆ ಶೇ 75ರ ಅವಕಾಶ, ಎದುರಾಳಿಗೆ ಶೇ 25. ಕಾಣದಂತೆ ಮಾಡುವ ಎರಡನೇ ಮಟ್ಟದ ಒಂದು ಮಂತ್ರಕ್ಕೆ ಇಂಥ ಅನುಕೂಲ ಒಂದು ಗಂಟೆ ಸಿಗುವುದಾದರೆ ಉಳಿದ ಆಟಗಾರರು ಗಿರ್ಮಿಟ್ ತಿಂದು ಮನೆಗೆ ಹೋಗಬಹುದು.

ಆ ಮಂತ್ರ ಇರುವುದು ಕಾವಲುಗಾರರನ್ನು ದಾಟಿ ಹೋಗಲು, ಕೋಣೆಯ ಮಾತು ಕದ್ದು ಕೇಳಲು. ಬೇಕಿದ್ದರೆ ಕೊನೆಗೆ ಒಂದು ಏಟು ಹಾಕಲಿ; ಅದಕ್ಕೆ ಎರಡು ದಾಳದ ಲಾಭ ಹೇಗೂ ಇದೆ. ಹೊಡೆಯುತ್ತಲೇ ಕಾಣದಂತಿರಬೇಕು ಎನ್ನುವವರಿಗೆ ನಾಲ್ಕನೇ ಮಟ್ಟದ ಮಂತ್ರ ಬೇರೆಯೇ ಇದೆ. ಅದರ ಆಯುಷ್ಯ ಒಂದು ನಿಮಿಷ, ಅಂದರೆ 10 ಸುತ್ತು. ಹೆಚ್ಚು ಬೆಲೆ ತೆತ್ತು ಪಡೆಯಲಿ.

ವಿರೋಧ

ಲೆಕ್ಕ ಸರಿ, ಗೆರೆ ತಪ್ಪು. ‘ದಾಳಿ’ ಯಾವುದು ಎಂಬ ಪ್ರಶ್ನೆಗೆ ಈ ನಿಯಮ ಎಂದೂ ನೆಟ್ಟಗೆ ಉತ್ತರಿಸಿಲ್ಲ. 2003ರ 3.5 ಆವೃತ್ತಿಯಲ್ಲಿ ಶತ್ರುಗಳು ದಾಟುತ್ತಿರುವ ಹಗ್ಗದ ಸೇತುವೆಯನ್ನು ಕತ್ತರಿಸಿದರೂ ಅದು ದಾಳಿಯಲ್ಲ, ಪರೋಕ್ಷ ಹಾನಿ! ಐದನೇ ಆವೃತ್ತಿಯ 2014ರ ನಿಯಮದಲ್ಲಿ ಗುರಿ ತಪ್ಪಿದ ಬಾಣವೂ ಮಾಯೆಯನ್ನು ಮುರಿಯುತ್ತದೆ. ಗೆಳೆಯನ ಗಾಯ ವಾಸಿ ಮಾಡುವ ಮಂತ್ರ ಹೇಳಿದರೂ ಮುರಿಯುತ್ತದೆ. ಆದರೆ ಡ್ರ್ಯಾಗನ್‌ಬಾರ್ನ್ ಕುಲದವನು ನಾಲ್ವರ ಮೇಲೆ ಬೆಂಕಿ ಉಗುಳಿದರೆ ಏನೂ ಆಗುವುದಿಲ್ಲ, ಏಕೆಂದರೆ ಹೊಡೆಯುವವನು ದಾಳ ಉರುಳಿಸಿದರೆ ಮಾತ್ರ ಅದು ದಾಳಿ; ಅಲ್ಲಿ ದಾಳ ಉರುಳಿಸುವವರು ಸುಟ್ಟುಕೊಂಡವರು. 2024ರಲ್ಲಿ ‘ಹಾನಿ ಮಾಡಿದರೂ ಮುಗಿಯುತ್ತದೆ’ ಎಂದು ತೇಪೆ ಹಾಕಿದರು. ವಾಸಿ ಮಾಡುವವನ ಮೇಲಿನ ಅನ್ಯಾಯ ಮಾತ್ರ ಹಾಗೇ ಉಳಿಯಿತು.

ಇನ್ನೊಂದು ಮಾತನ್ನು ಲೆಕ್ಕದವರು ಮರೆಯುತ್ತಾರೆ. ಕಾಣದವನೆಂದರೆ ಎಲ್ಲಿದ್ದಾನೆಂದು ತಿಳಿಯದವನಲ್ಲ. ಸಪ್ಪಳ, ಹೆಜ್ಜೆಗುರುತು ಅವನ ಜಾಗವನ್ನು ಹೇಳುತ್ತವೆ. ಅಡಗಿ ಕುಳಿತವನು ಹೊಡೆದೊಡನೆ ಅವನ ಜಾಗ ಬಯಲಾಗುತ್ತದೆ ಎಂಬುದೂ ನಿಯಮವೇ. ಏಟಿಗೆ ದಂಡ ಅಲ್ಲಿಯೇ ಇದೆ.

ದೊಡ್ಡಾಟ ನೋಡಿ ಬೆಳೆದ ನಮಗೆ ಇಂದ್ರಜಿತುವಿನ ಪರಿಚಯ ಬೇಕಿಲ್ಲ. ಕಾಣದೆ ನಿಂತು ಬಾಣ ಬಿಟ್ಟ, ಮತ್ತೆ ಮತ್ತೆ ಬಿಟ್ಟ, ರಾಮ ಲಕ್ಷ್ಮಣರನ್ನು ನಾಗಪಾಶದಿಂದ ಕಟ್ಟಿದ. ಅವನ ಸೋಲಿನ ದಾರಿ ಇದ್ದದ್ದು ಬಾಣದಲ್ಲಲ್ಲ, ನಿಕುಂಭಿಲೆಯ ಯಾಗದಲ್ಲಿ. ಅದು ಕೆಟ್ಟಿತು, ಅವನು ಬಿದ್ದ.

ಆದ್ದರಿಂದ ನನ್ನ ಸಲಹೆ: ಏಟಿನೊಂದಿಗೆ ಮಾಯೆ ತಾನಾಗಿ ಮುಗಿಯುವುದು ಬೇಡ. ಮಾಯೆಯನ್ನು ಹಿಡಿದಿಡುವ, ಮಂತ್ರ ಹೇಳಿದವನ ಏಕಾಗ್ರತೆಗೆ ಪರೀಕ್ಷೆ ಇಡಿ. ಮೊದಲ ಏಟಿಗೆ ದಾಳದಲ್ಲಿ 10 ಮುಟ್ಟಬೇಕು, ಎರಡನೆಯದಕ್ಕೆ 15, ಮೂರನೆಯದಕ್ಕೆ 20. ಬೆಂಕಿ ಉಗುಳುವವನಿಗೂ ಇದೇ ಅಳತೆ. ವಾಸಿ ಮಾಡುವವನಿಗೆ ಪರೀಕ್ಷೆಯೇ ಇಲ್ಲ. ಆಗ ಎದುರಾಳಿಗಳು ಗಾಳಿಗೆ ಕತ್ತಿ ಬೀಸುವುದನ್ನು ಬಿಟ್ಟು, ಮಂತ್ರ ಹೇಳಿದವನು ಎಲ್ಲಿ ನಿಂತಿದ್ದಾನೆಂದು ಹುಡುಕತೊಡಗುತ್ತಾರೆ.