ಊಟದ ಹಾಲ್‌ಗೆ ಹೋಗಲು ಹೆದರುವ ಹುಡುಗಿ

ಹದಿನೆಂಟರ ಹುಡುಗಿ. ಮನೆ ಬಿಟ್ಟು ಯೂನಿವರ್ಸಿಟಿ ಹಾಸ್ಟೆಲ್‌ಗೆ ಬಂದಿದ್ದಾಳೆ. ಅಲ್ಲಿ ಊಟದ ಹಾಲ್ ಇದೆ. ಆದರೂ ರೂಮಿನಲ್ಲೇ ಕೂತು ಪ್ರೋಟೀನ್ ಬಾರ್, ಪೀನಟ್ ಬಟರ್ ತಿಂದು ದಿನ ತಳ್ಳುತ್ತಾಳೆ. ಯಾಕೆ? ಕ್ಯೂ ಎಲ್ಲಿಂದ ಶುರು, ತಟ್ಟೆ ಎಲ್ಲಿ ತಗೊಳ್ಳಬೇಕು, ಆಮೇಲೆ ಎಲ್ಲಿ ಕೂರಬೇಕು, ಒಂದೂ ಗೊತ್ತಿಲ್ಲ. ಯಾರನ್ನಾದರೂ ಕೇಳೋಣ ಅಂದರೆ ಅದಕ್ಕೂ ಭಯ.

ರೇನ್‌ಬೋ ರೋವೆಲ್ ಬರೆದ ‘ಫ್ಯಾನ್‌ಗರ್ಲ್’ (2013) ಕಾದಂಬರಿಯ ಕ್ಯಾತ್ ಇವಳು. ಕಥೆ ನಡೆಯುವುದು ಅಮೆರಿಕದ ನೆಬ್ರಾಸ್ಕಾದಲ್ಲಿ. ಹುಟ್ಟಿದಾಗಿನಿಂದ ಜೊತೆಗಿದ್ದ ಅವಳಿ ತಂಗಿ ರೆನ್, ಕಾಲೇಜಿಗೆ ಬರುವ ಮೊದಲೇ ‘ನಾವು ಒಂದೇ ರೂಮಿನಲ್ಲಿ ಇರೋದು ಬೇಡ’ ಅಂದುಬಿಟ್ಟಿದ್ದಾಳೆ. ಎಲ್ಲೋ ಬಿಟ್ಟುಬಂದ ಮಗುವಿನ ಹಾಗೆ ಆಗಿದ್ದಾಳೆ ಕ್ಯಾತ್.

ಹದಿಹರೆಯದವರ ಪುಸ್ತಕ ಅಂತ ಮೂಗು ಮುರಿಯಬೇಡಿ. ನಾನಿದನ್ನು ಓದಿದ್ದು ಮೂವತ್ತು ದಾಟಿದ ಮೇಲೆ. ಓದುವಾಗ ನೆನಪಾಗಿದ್ದು ನನ್ನ ಮೊದಲ ಕೆಲಸದ ಮೊದಲ ವಾರ. ಕ್ಯಾಂಟೀನ್ ಕಡೆ ತಲೆಯನ್ನೇ ಹಾಕಿರಲಿಲ್ಲ. ಯಾರಾದರೂ ಕರೆದರೆ ‘ಹಸಿವಿಲ್ಲ’ ಅನ್ನುತ್ತಿದ್ದೆ. ಹೊಟ್ಟೆ ಚುರ್ ಅನ್ನುತ್ತಿತ್ತು.

ಆತಂಕ ಅಂದರೆ ಅಳು, ನಡುಕ, ಬೆವರು ಅಂದುಕೊಳ್ಳುತ್ತೇವೆ. ಜಾಸ್ತಿ ಸಲ ಅದು ಹಾಗೆ ಕಾಣುವುದೇ ಇಲ್ಲ. ‘ಹಸಿವಿಲ್ಲ’, ‘ತಲೆನೋವು’, ‘ಇವತ್ತು ಬೇಡ’ ಅಂತ ಕಾಣುತ್ತದೆ. ಒಂದು ಸಲ ತಪ್ಪಿಸಿಕೊಂಡರೆ ಮನಸ್ಸಿಗೆ ಹಾಯೆನಿಸುತ್ತದೆ. ಆ ಹಾಯಿಯೇ ತೊಂದರೆ. ‘ಹೋಗದೆ ಇದ್ದಿದ್ದಕ್ಕೇ ಬಚಾವಾದೆ’ ಅಂತ ಮಿದುಳು ಪಾಠ ಕಲಿತುಬಿಡುತ್ತದೆ. ಮರುದಿನ ಅದೇ ಬಾಗಿಲು ಇನ್ನಷ್ಟು ದೂರ. ಅದಕ್ಕೇ ಚಿಕಿತ್ಸೆ ಕೊಡುವವರು ಹೆದರುವ ಜಾಗಕ್ಕೆ ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಹೋಗುವುದನ್ನು ರೂಢಿ ಮಾಡಿಸುತ್ತಾರೆ.

ಕ್ಯಾತ್‌ಳ ರೂಮ್‌ಮೇಟ್ ರೇಗನ್‌ಗೆ ಇದೆಲ್ಲ ಗೊತ್ತಿಲ್ಲ. ಅವಳು ಒರಟಿ, ಬಾಯಿ ಜೋರು. ಪ್ರೋಟೀನ್ ಬಾರ್ ಗುಟ್ಟು ಗೊತ್ತಾದಾಗ ಬುದ್ಧಿ ಹೇಳುತ್ತಾ ಕೂರುವುದಿಲ್ಲ. ಸುಮ್ನೆ ಊಟಕ್ಕೆ ಕರೆದುಕೊಂಡು ಹೋಗುತ್ತಾಳೆ. ಇಬ್ಬರೂ ಕೂತು ಬಂದುಹೋಗುವವರ ಬಗ್ಗೆ ತಮಾಷೆ ಮಾಡುತ್ತಾ ತಿನ್ನುತ್ತಾರೆ, ಅಷ್ಟೇ. ಇಡೀ ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ‘ಧೈರ್ಯ ಮಾಡು’ ಅನ್ನುವವರು ಎಲ್ಲೆಲ್ಲೂ ಸಿಗುತ್ತಾರೆ. ‘ಬಾ, ನಾನೂ ಬರ್ತೀನಿ’ ಅನ್ನುವವರು ಎಷ್ಟು ಜನ ಹೇಳಿ?

10ರಿಂದ 19 ವರ್ಷದವರಲ್ಲಿ ಏಳು ಜನಕ್ಕೆ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಕ್ಲಾಸ್‌ರೂಮ್ ಕಲ್ಪಿಸಿಕೊಂಡು ಲೆಕ್ಕ ಹಾಕಿ. ಎಲ್ಲರಿಗೂ ರೇಗನ್ ಸಿಗುವುದಿಲ್ಲ, ಸಿಕ್ಕರೂ ಕೆಲವರಿಗೆ ಡಾಕ್ಟರೇ ಬೇಕಾಗುತ್ತದೆ.

ಪುಸ್ತಕದ ಮೇಲೆ ನನಗೆ ತಕರಾರೂ ಇದೆ. ಲೀವೈ ಅನ್ನುವ ಹುಡುಗ ಬಂದ ಮೇಲೆ ಪ್ರೇಮ ಜಾಸ್ತಿಯಾಯಿತು. ಸದಾ ನಗುವ ಅಷ್ಟು ಒಳ್ಳೆಯ ಹುಡುಗ ಎಲ್ಲಿರುತ್ತಾನೆ? ಕ್ಯಾತ್ ಹುಚ್ಚು ಹಿಡಿದಂತೆ ಓದುವ, ತಾನೂ ಮುಂದುವರಿಸಿ ಬರೆಯುವ ಮಂತ್ರವಾದಿ ಹುಡುಗರ ಕಥೆಯ ತುಣುಕುಗಳು ಅಧ್ಯಾಯಗಳ ನಡುವೆ ಬರುತ್ತವೆ. ಅವುಗಳಲ್ಲಿ ಅರ್ಧದಷ್ಟನ್ನು ಹಾರಿಸಿಬಿಟ್ಟೆ, ಕ್ಷಮಿಸಿ.

ಅಕ್ಕನ ಮಗಳಿಗೆ ಓದಲು ಕೊಟ್ಟಿದ್ದೆ. ಹದಿನಾರು ಅವಳಿಗೆ, ಮಾತಿನ ಮಲ್ಲಿ. ಲೀವೈ ಬಗ್ಗೆ ಅರ್ಧ ಗಂಟೆ ಹೇಳಿದಳು. ‘ಆ ಊಟದ ಹಾಲ್ ಭಾಗ ಹೇಗಿತ್ತು?’ ಅಂತ ಕೇಳಿದೆ.

‘ಅದರಲ್ಲೇನಿದೆ ಚಿಕ್ಕಮ್ಮ, ನಾನೂ ಹಾಗೇ ತಾನೇ ಮಾಡೋದು’ ಅಂದಳು.